ಹಸುಗೆ ಹಾಕಿದ ಐವರ್ಮೆಕ್ಟಿನ್ ರಕ್ತದಲ್ಲಿ ಎಷ್ಟಿದೆ ಅಂತ ನೋಡೋದು ಹೇಗೆ

ಸೋಮವಾರಪೇಟೆ ಕಡೆ ಮಳೆ ಹಿಡ್ಕೊಂಡ್ರೆ ಉಣ್ಣೆ, ಜಂತುಹುಳ ಎರಡೂ ಜಾಸ್ತಿ, ಐವರ್ಮೆಕ್ಟಿನ್ ಅನ್ನೋ ಹುಳದ ಮದ್ದು ಹಾಕ್ಸಿದ್ರೂ ಹುಳ ಹೋಗ್ತಿಲ್ಲ ಅಂತ ಎಲ್ರದ್ದೂ ಅದೇ ಮಾತು. ಮದ್ದು ಮೈಗೆ ಸಾಕಾಗ್ಲಿಲ್ವೋ, ಇಲ್ಲ ಹುಳಾನೇ ಮದ್ದಿಗೆ ಒಗ್ಗಿಹೋಗಿದ್ಯೋ ಅಂತ ತಿಳೀಬೇಕಂದ್ರೆ ರಕ್ತ ಟೆಸ್ಟ್ ಮಾಡಿಸ್ಬೇಕು.

ಮೊದ್ಲು ತೂಕ. ಕಣ್ಣಂದಾಜು ಬೇಡ, ಟೇಪ್ ಹಿಡೀರಿ. ಎದೆ ಸುತ್ತಳತೆ ಇಂಚಲ್ಲಿ ತಗೊಂಡು ಅದನ್ನ ಅದರಿಂದ್ಲೇ ಗುಣಿಸಿ, ಆಮೇಲೆ ಮೈ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದ್ರೆ ಕೆಜಿ ಸಿಗುತ್ತೆ. ಸುತ್ತು 60, ಉದ್ದ 50 ಇದ್ರೆ ಹತ್ತಿರತ್ತಿರ 273 ಕೆಜಿ. 1% ಇಂಜೆಕ್ಷನ್ 50 ಕೆಜಿಗೆ 1 ಎಂಎಲ್, ಅಂದ್ರೆ ಐದೂವರೆ ಎಂಎಲ್, ಚರ್ಮದ ಕೆಳಗೆ. ಹಾಲು ಕರೆಯೋ ಹಸುಗೆ ಇದು ಬೇಡ, ಹಾಲಲ್ಲೂ ಬರುತ್ತೆ.

ಮದ್ದು ಹಾಕೋಕ್ಕಿಂತ ಮುಂಚೆ ಒಂದ್ಸಲ ರಕ್ತ ತೆಗೆಸ್ಬೇಕು, ಇದನ್ನೇ ಎಲ್ರೂ ಮರೆಯೋದು. ಚರ್ಮದ ಕೆಳಗೆ ಹಾಕಿದ್ದು 2ರಿಂದ 4 ದಿನದೊಳಗೆ ರಕ್ತದಲ್ಲಿ ಮೇಲಕ್ಕೇರಿ ಆಮೇಲೆ ನಿಧಾನಕ್ಕೆ ಇಳಿಯುತ್ತೆ, ಅದಕ್ಕೆ 2, 4, 7, 14, 28ನೇ ದಿನ ತೆಗೆಸಿದ್ರೆ ಚಿತ್ರ ಸಿಗುತ್ತೆ.

ಸೂಜಿ ಡಾಕ್ಟ್ರೇ ಹಾಕ್ಲಿ, ನೀವು ಮೂಗುದಾರ ಗಟ್ಟಿ ಹಿಡ್ಕೊಂಡ್ರೆ ಸಾಕು. ಕೊರಳಿನ ರಕ್ತನಾಳದಿಂದ ಹಸಿರು ಮುಚ್ಚಳದ ಹೆಪಾರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮದ್ದು) ಟ್ಯೂಬಿಗೆ ತಗೊಂಡು ಏಳೆಂಟು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕ್ಬೇಡಿ. ಆದಷ್ಟು ಬೇಗ ಸೆಂಟ್ರಿಫ್ಯೂಜಲ್ಲಿ (ಟ್ಯೂಬನ್ನ ಜೋರಾಗಿ ತಿರುಗಿಸೋ ಮೆಷಿನ್) ತಿರುಗಿಸಿ ಮೇಲಿನ ಹಳದಿ ಪ್ಲಾಸ್ಮಾ ಮಾತ್ರ ಬೇರೆ ಟ್ಯೂಬಿಗೆ ಹಾಕಿ, ಮೈನಸ್ 20 ಡಿಗ್ರಿ ಫ್ರೀಜರಲ್ಲಿಡಿ. ನಾನು ಮೊದಲ್ನೇ ಸಲ ರಕ್ತಾನೇ ಹಾಗ್ಹಾಗೇ ಫ್ರೀಜರಿಗೆ ತಳ್ಳಿ, ಕಣ ಎಲ್ಲ ಒಡೆದು ಇಡೀ ಟ್ಯೂಬ್ ಕೆಂಪಗೆ ದಾಸವಾಳದ ನೀರಿನ ಥರ ಆಗಿತ್ತು, ಸ್ಯಾಂಪಲ್ ವೇಸ್ಟು. ಇನ್ನೊಂದು, ಪೆನ್ನಲ್ಲಿ ಬರೆದ ಹೆಸ್ರು ನಮ್ಮ ಮಳೆಗೆ ನಿಲ್ಲಲ್ಲ, ಟೇಪ್ ಅಂಟಿಸಿ ಪೆನ್ಸಿಲಲ್ಲಿ ಕಿವಿ ಓಲೆ ನಂಬರ್, ತಾರೀಕು, ಟೈಮ್ ಬರೀರಿ. ಐವರ್ಮೆಕ್ಟಿನ್ ಬೆಳಕಿಗೆ ಹಾಳಾಗುತ್ತೆ, ಫಾಯಿಲ್ ಸುತ್ತಿ ಐಸ್ ಬಾಕ್ಸಲ್ಲೇ ಕಳ್ಸಿ. ಕರೆಂಟ್ ಹೋಗೋ ಊರು, ಐಸ್ ಪ್ಯಾಕ್ ನಾಲ್ಕು ಜಾಸ್ತಿನೇ ಇರ್ಲಿ.

ಲ್ಯಾಬಿಗೆ ಮೊದ್ಲೇ ಫೋನ್ ಮಾಡಿ ಎಚ್‌ಪಿಎಲ್‌ಸಿ (ಮದ್ದನ್ನ ಬೇರ್ಪಡಿಸಿ ಅಳೆಯೋ ಮೆಷಿನ್) ಇದ್ಯಾ, ಈ ಮದ್ದು ಅಳೀತಾರಾ ಕೇಳಿ. ಸಾಮಾನ್ಯ ರಕ್ತ ಪರೀಕ್ಷೆಲಿ ಇದು ಕಾಣಲ್ಲ, ಲೆಕ್ಕ ನ್ಯಾನೊಗ್ರಾಂನಲ್ಲಿ, ಅಂದ್ರೆ ಗ್ರಾಂನ ನೂರು ಕೋಟಿ ಪಾಲಲ್ಲಿ ಒಂದು.

ಬೆನ್ನ ಮೇಲೆ ಸುರಿಯೋ ಮದ್ದಾದ್ರೆ ರಿಪೋರ್ಟ್ ನೋಡಿ ಗಾಬರಿ ಆಗ್ಬೇಡಿ, ದನ ಒಂದನ್ನೊಂದು ನೆಕ್ಕೋದ್ರಿಂದ ಮದ್ದೇ ಹಾಕ್ದಿರೋ ಪಕ್ಕದ ಕರುವಿನ ರಕ್ತದಲ್ಲೂ ಬರುತ್ತೆ.

ಬರೀ ರಕ್ತ ಸಾಲಲ್ಲ, ಮದ್ದು ಹಾಕೋ ದಿನ ಮತ್ತೆ 14ನೇ ದಿನ ಸಗಣಿನೂ ಕೊಟ್ಟು ಹುಳದ ಮೊಟ್ಟೆ ಎಣಿಸ್ಬೇಕು. ರಕ್ತದಲ್ಲಿ ಮದ್ದು ಸರಿ ಇದ್ದೂ ಮೊಟ್ಟೆ ಕಮ್ಮಿ ಆಗಿಲ್ಲ ಅಂದ್ರೆ ಹುಳ ಒಗ್ಗಿರೋ ಅನುಮಾನ, ಬೇರೆ ಗುಂಪಿನ ಮದ್ದು ಡಾಕ್ಟ್ರನ್ನ ಕೇಳಿ. ರಕ್ತದಲ್ಲೇ ಕಮ್ಮಿ ಅಂದ್ರೆ ತೂಕ ನೋಡೋಕೆ ಮತ್ತೆ ಟೇಪ್ ಹಿಡೀರಿ.