ರೋಮ್‌ನ ಎಂಟನೇ ಮುನಿಚೀಪಿಯೊ: ಒಂದೇ ರಸ್ತೆ ಹಿಡಿದು ಇಡೀ ದಿನ ನಡೆಯುವುದು ಹೇಗೆ

ರೋಮ್‌ಗೆ ಹೋದವರು ಕೊಲೊಸಿಯಂ, ವ್ಯಾಟಿಕನ್, ತ್ರೇವಿ ಕಾರಂಜಿ ನೋಡಿ ವಾಪಸ್ ಬರುತ್ತಾರೆ. ನಿಮ್ಮ ಕೈಯಲ್ಲಿ ಇನ್ನೂ ಒಂದು ದಿನ ಉಳಿದಿದ್ದರೆ ಅದನ್ನು ಎಂಟನೇ ಮುನಿಚೀಪಿಯೊಗೆ ಕೊಡಿ. ರೋಮ್ ನಗರಾಡಳಿತವನ್ನು 15 ಮುನಿಚೀಪಿಯೊಗಳಾಗಿ ಹಂಚಿದ್ದಾರೆ, ಪ್ರತಿಯೊಂದಕ್ಕೂ ಜನರೇ ಆರಿಸಿದ ಅಧ್ಯಕ್ಷರು ಮತ್ತು ಕೌನ್ಸಿಲ್ ಇದ್ದಾರೆ. ಎಂಟನೆಯದು ಊರಿನ ದಕ್ಷಿಣಕ್ಕಿದೆ. 2013ಕ್ಕೂ ಮೊದಲು ಇದರ ಸಂಖ್ಯೆ ಹನ್ನೊಂದು, ಹಾಗಾಗಿ ಹಳೇ ಪುಸ್ತಕದಲ್ಲಿ ಹನ್ನೊಂದು ಅಂತ ಕಂಡರೆ ಗಾಬರಿಯಾಗಬೇಡಿ.

ಇಲ್ಲಿ ನೋಡುವ ಜಾಗಗಳು ಚದುರಿವೆ. ಆದರೆ ಹೆಚ್ಚಿನವನ್ನು ಒಂದೇ ರಸ್ತೆ ಪೋಣಿಸುತ್ತದೆ: ವಿಯಾ ದೆಲ್ಲೆ ಸೆತ್ತೆ ಕಿಯೇಸೆ, ಅಂದರೆ ಏಳು ಚರ್ಚುಗಳ ರಸ್ತೆ. 16ನೇ ಶತಮಾನದಲ್ಲಿ ಸಂತ ಫಿಲಿಪ್ಪೊ ನೇರಿ ಜನರನ್ನು ಕಟ್ಟಿಕೊಂಡು ರೋಮ್‌ನ ಏಳು ದೊಡ್ಡ ಚರ್ಚುಗಳಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಸಂತ ಪಾವ್ಲೊ ಬಸಿಲಿಕಾದಿಂದ ಸಂತ ಸೆಬಾಸ್ಟಿಯಾನೊ ಚರ್ಚಿಗೆ ಹೋಗುವ ದಾರಿ ಇದೇ. ಮೂರೂವರೆ ಕಿಲೋಮೀಟರ್ ಆಸುಪಾಸು, ಅಷ್ಟೇ.

ಮೊದಲು ವಾರ ನೋಡಿಕೊಳ್ಳಿ, ಇದು ಮುಖ್ಯ. ಸೋಮವಾರ ಮೊಂತೆಮಾರ್ತೀನಿ ಮ್ಯೂಸಿಯಂ ರಜೆ. ಈ ದಾರಿಯಲ್ಲಿ ಸಿಗುವ ಪ್ರಾಚೀನ ಕ್ರೈಸ್ತರ ನೆಲಮಾಳಿಗೆ ಸಮಾಧಿಗಳಲ್ಲಿ (ಕ್ಯಾಟಕೋಂಬ್) ಮಂಗಳವಾರ ದೊಮಿತಿಲ್ಲಾ, ಬುಧವಾರ ಸಂತ ಕಲ್ಲಿಸ್ತೊ, ಭಾನುವಾರ ಸಂತ ಸೆಬಾಸ್ಟಿಯಾನೊ ಮುಚ್ಚಿರುತ್ತವೆ. ಗುರುವಾರ, ಶುಕ್ರವಾರ ಹೋದರೆ ತಲೆನೋವೇ ಇಲ್ಲ. ಚಳಿಗಾಲದಲ್ಲಿ ಈ ಸಮಾಧಿಗಳು ಸರದಿ ಮೇಲೆ ಕೆಲವು ವಾರ ಬಾಗಿಲು ಹಾಕುತ್ತವೆ, ಆಗ ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿ.

ಬೆಳಿಗ್ಗೆ ಮೆಟ್ರೊ ಬಿ ಲೈನ್‌ನಲ್ಲಿ ಗಾರ್ಬತೆಲ್ಲಾ ಸ್ಟೇಷನ್‌ನಲ್ಲಿ ಇಳಿಯಿರಿ. ಹತ್ತಿರದಲ್ಲೇ ಬಿಳೀ ಕಮಾನಿನ ಸೇತುವೆ ಕಾಣುತ್ತದೆ. ಅದಕ್ಕೆ ಸೆತ್ತೀಮಿಯಾ ಸ್ಪಿಟ್ಸಿಕೀನೊ ಅವರ ಹೆಸರಿಟ್ಟಿದ್ದಾರೆ. 1943ರ ಅಕ್ಟೋಬರ್ 16ರಂದು ನಾಜಿಗಳು ರೋಮ್‌ನ ಯಹೂದಿಗಳನ್ನು ಹಿಡಿದು ಆಶ್‌ವಿಟ್ಜ್‌ಗೆ ಸಾಗಿಸಿದರಲ್ಲ, ಅವರಲ್ಲಿ ಬದುಕಿ ಬಂದ ಒಬ್ಬಳೇ ಹೆಂಗಸು ಈಕೆ. ಅಲ್ಲಿಂದ ವಿಯಾ ಒಸ್ತಿಯೆನ್ಸೆಗೆ ಬಂದರೆ ಚೆಂತ್ರಾಲೆ ಮೊಂತೆಮಾರ್ತೀನಿ ಮ್ಯೂಸಿಯಂ. 1912ರಲ್ಲಿ ಶುರುವಾದ ವಿದ್ಯುತ್ ಸ್ಥಾವರ ಇದು. ಈಗ ಯಂತ್ರಗಳನ್ನು ಹಾಗೇ ಬಿಟ್ಟು ನಡುವೆ ಪ್ರಾಚೀನ ಶಿಲ್ಪಗಳನ್ನು ನಿಲ್ಲಿಸಿದ್ದಾರೆ. ಮನೆಯಷ್ಟು ಎತ್ತರದ ಕಪ್ಪು ಡೀಸೆಲ್ ಎಂಜಿನ್, ಅದರ ಮುಂದೆ ಬಿಳೀ ಅಮೃತಶಿಲೆಯ ದೇವತೆ. ವ್ಯಾಟಿಕನ್ ಮ್ಯೂಸಿಯಂನ ನೂಕುನುಗ್ಗಲಲ್ಲಿ ಯಾವ ಶಿಲ್ಪವನ್ನೂ ನೆಮ್ಮದಿಯಾಗಿ ನೋಡಲಾಗದವರು ಇಲ್ಲಿ ಒಂದರ ಮುಂದೆ ಹತ್ತು ನಿಮಿಷ ನಿಂತುಬಿಡಿ, ಯಾರೂ ತಳ್ಳುವುದಿಲ್ಲ.

ಆಮೇಲೆ ಮೆಟ್ರೊದಲ್ಲಿ ಒಂದು ಸ್ಟಾಪ್ ಮುಂದೆ ಹೋದರೆ ಸಂತ ಪಾವ್ಲೊ ಬಸಿಲಿಕಾ. ನಡೆಯಲೂಬಹುದು, ಆದರೆ ಆ ರಸ್ತೆಯಲ್ಲಿ ಟ್ರಾಫಿಕ್ ಜಾಸ್ತಿ. 1823ರ ಬೆಂಕಿಯಲ್ಲಿ ಹಳೇ ಚರ್ಚಿನ ಬಹುಭಾಗ ಸುಟ್ಟುಹೋಯಿತು, ಈಗಿರುವುದು ಮತ್ತೆ ಕಟ್ಟಿದ್ದು. ಪ್ರವೇಶ ಉಚಿತ, ಭುಜ ಮುಚ್ಚಿರಬೇಕು. ಒಳಗೆ ಕಂಬಗಳ ಮೇಲೆ ಸಾಲಾಗಿ ಎಲ್ಲ ಪೋಪ್‌ಗಳ ಮುಖಗಳಿವೆ.

ನಮ್ಮ ರಸ್ತೆ ಬಸಿಲಿಕಾ ಹತ್ತಿರದಿಂದಲೇ ಏರು ಹತ್ತುತ್ತದೆ. ಮೇಲೆ ಬಂದರೆ ನೀವು ಗಾರ್ಬತೆಲ್ಲಾದಲ್ಲಿದ್ದೀರಿ. ಇಲ್ಲಿ ರಸ್ತೆ ಬಿಟ್ಟು ಎಡಕ್ಕೆ ಸರಿದು ಅಡ್ಡಾಡಿ, ಇಡೀ ದಿನದಲ್ಲಿ ಇದಕ್ಕೇ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಕೆಲಸಗಾರರಿಗಾಗಿ ಕಟ್ಟಿದ ಬಡಾವಣೆ ಇದು, 1920ರ ಫೆಬ್ರವರಿ 18ರಂದು ರಾಜ ವಿತ್ತೋರಿಯೊ ಎಮಾನ್ಯುವೆಲೆ ಮೂರನೆಯವರು ಅಡಿಗಲ್ಲು ಹಾಕಿದರು. ಮನೆಗಳನ್ನು ಲೊತ್ತೊ ಎಂಬ ಗುಂಪುಗಳಾಗಿ ಕಟ್ಟಿದ್ದಾರೆ, ಪ್ರತಿ ಗುಂಪಿಗೂ ನಡುವೆ ಅಂಗಳ. ಗಿಡಮರ, ಕಲ್ಲಿನ ಬೆಂಚು, ಕಬ್ಬಿಣದ ಕಂಬಗಳಿಗೆ ಕಟ್ಟಿದ ತಂತಿಯಲ್ಲಿ ಒಣಗುತ್ತಿರುವ ಹಾಸಿಗೆ ಚಾದರಗಳು. ಎಷ್ಟೋ ಗೇಟುಗಳು ತೆರೆದೇ ಇರುತ್ತವೆ. ಒಳಗೆ ಹೋಗಬಹುದು, ಆದರೆ ಅದು ಜನ ಬಾಳುವ ಜಾಗ. ಎದುರಾದವರಿಗೆ "ಬೊಂಜೋರ್ನೊ" ಅನ್ನಿ, ಕಿಟಕಿಗಳತ್ತ ಕ್ಯಾಮೆರಾ ತಿರುಗಿಸಬೇಡಿ, ಅಜ್ಜಿಯರ ಫೋಟೊವನ್ನು ಕೇಳದೆ ತೆಗೆಯಲೇಬೇಡಿ. ಕಾರ್ಲೊತ್ತಾ ಕಾರಂಜಿ ಹುಡುಕಿ ನೋಡಿ: ಜಡೆ ಹಾಕಿದ ಹೆಣ್ಣಿನ ಕಲ್ಲಿನ ಮುಖ, ಬಾಯಿಂದ ನೀರು ಬೀಳುತ್ತದೆ, ಪಕ್ಕದಲ್ಲೇ ಮೆಟ್ಟಿಲುಗಳು.

ಊಟ ಇಲ್ಲೇ ಮುಗಿಸಿ, ಮುಂದೆ ಅಂಗಡಿಗಳು ಕಡಿಮೆ. ತೂಕದ ಲೆಕ್ಕದಲ್ಲಿ ಪಿಜ್ಜಾ ಕತ್ತರಿಸಿ ಕೊಡುವ ಅಂಗಡಿಗಳಲ್ಲಿ ಎಷ್ಟು ದೊಡ್ಡ ತುಂಡು ಬೇಕು ಅಂತ ಕೈಯಲ್ಲೇ ತೋರಿಸಿದರೆ ಸಾಕು. ಸಸ್ಯಾಹಾರಿಗಳು ಗಮನಿಸಿ: ಸುಪ್ಲಿ ಅನ್ನುವ ಅನ್ನದ ಉಂಡೆಯಲ್ಲಿ ಸಾಮಾನ್ಯವಾಗಿ ಮಾಂಸದ ಸಾಸ್ ಇರುತ್ತದೆ. ಕಾಚೊ ಎ ಪೇಪೆ ಪಾಸ್ತಾದಲ್ಲಿ ಮಾಂಸ ಇಲ್ಲ, ಆದರೆ ಅದಕ್ಕೆ ಹಾಕುವ ಪೆಕೊರೀನೊ ಚೀಸ್ ಗಟ್ಟಿಯಾಗಿಸಲು ಕುರಿಮರಿಯ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರಿಗೆ ಟೊಮೆಟೊ ಮಾತ್ರ ಸವರಿದ ಪಿಜ್ಜಾ ರೊಸ್ಸಾ ಒಳ್ಳೆಯದು.

ಊಟಕ್ಕೆ ಕೂತು ಹೊತ್ತು ಕಳೆಯಬೇಡಿ, ಯಾಕಂದರೆ ಫೊಸ್ಸೆ ಅರ್ದೆಯಾತೀನೆ ಸ್ಮಾರಕವನ್ನು ವಾರದ ದಿನಗಳಲ್ಲಿ ಮಧ್ಯಾಹ್ನ ಮೂರರ ಸುಮಾರಿಗೇ ಮುಚ್ಚುತ್ತಾರೆ. ಕ್ರಿಸ್ತೋಫೊರೊ ಕೊಲೊಂಬೊ ಅನ್ನುವ ಅಗಲವಾದ ರಸ್ತೆಯನ್ನು ಸಿಗ್ನಲ್‌ನಲ್ಲೇ ದಾಟಿ, ಮತ್ತೆ ಸೆತ್ತೆ ಕಿಯೇಸೆ ಹಿಡಿದು, ದೊಮಿತಿಲ್ಲಾ ಸಮಾಧಿ ದಾಟಿ ಮುಂದೆ ಹೋಗಿ. 1944ರ ಮಾರ್ಚ್ 23ರಂದು ನಾಜಿಗಳ ವಿರುದ್ಧ ಹೋರಾಡುತ್ತಿದ್ದ ಪ್ರತಿರೋಧ ಚಳವಳಿಯವರು ವಿಯಾ ರಸೆಲ್ಲಾ ಎಂಬ ರಸ್ತೆಯಲ್ಲಿ ಬಾಂಬ್ ಇಟ್ಟು 33 ಜರ್ಮನ್ ಪೊಲೀಸರನ್ನು ಕೊಂದರು. ಒಬ್ಬನಿಗೆ ಹತ್ತು ಜನ ಅಂತ ಲೆಕ್ಕ ಹಾಕಿ, ಮಾರನೇ ದಿನ ನಾಜಿಗಳು ಇಲ್ಲಿನ ಗುಹೆಗಳಲ್ಲಿ 335 ಜನರನ್ನು ಗುಂಡಿಕ್ಕಿ ಕೊಂದರು. ಲೆಕ್ಕಕ್ಕಿಂತ ಐದು ಜನ ಜಾಸ್ತಿ. ಒಂದು ಭಾರೀ ಕಾಂಕ್ರೀಟ್ ಚಪ್ಪಡಿಯ ಕೆಳಗೆ ಸಮಾಧಿಗಳ ಸಾಲು, ಚಪ್ಪಡಿಯ ಅಂಚಿನ ಸಂದಿಯಿಂದಷ್ಟೇ ಬೆಳಕು. ಸಮಾಧಿಗಳ ಮೇಲೆ ಹೆಸರು, ವಯಸ್ಸು, ಕಸುಬು ಬರೆದಿದೆ. 15 ವರ್ಷದ ಹುಡುಗನಿಂದ ಎಪ್ಪತ್ತು ದಾಟಿದವರವರೆಗೆ ಇದ್ದಾರೆ. ಓದುತ್ತಾ ನಿಧಾನಕ್ಕೆ ನಡೆಯಿರಿ. ಸಮಯ ಸಾಲದೆ ಒಂದನ್ನು ಬಿಡಬೇಕಾದರೆ ನೆಲಮಾಳಿಗೆ ಸಮಾಧಿ ಬಿಡಿ, ಇದನ್ನಲ್ಲ.

ಸಮಯ ಇದ್ದರೆ ಹತ್ತಿರದ ಸಂತ ಕಲ್ಲಿಸ್ತೊಗೆ ಹೋಗಿ. ಇದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮುಚ್ಚಿ ಎರಡಕ್ಕೆ ಮತ್ತೆ ತೆರೆಯುತ್ತದೆ. ಗೈಡ್ ಜೊತೆಗೇ ಒಳಗೆ ಬಿಡುತ್ತಾರೆ, ಫೋಟೊ ತೆಗೆಯುವಂತಿಲ್ಲ, ಬೇಸಿಗೆಯಲ್ಲೂ ಒಳಗೆ ತಂಪು, ಒಂದು ಸ್ವೆಟರ್ ಇರಲಿ. ಅಲ್ಲಿಂದ ಸಂತ ಸೆಬಾಸ್ಟಿಯಾನೊ ಕಡೆ ಹೋದರೆ ಆಪ್ಪಿಯಾ ಅಂತೀಕಾ ಸಿಗುತ್ತದೆ, ಕ್ರಿ.ಪೂ. 312ರಲ್ಲಿ ಶುರುವಾದ, 2024ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ರಸ್ತೆ. ಹುಷಾರು, ಊರಿನ ಕಡೆಯ ಭಾಗದಲ್ಲಿ ಫುಟ್‌ಪಾತ್ ಇಲ್ಲ, ಕಾರುಗಳು ಮೈಮೇಲೇ ಬಂದಂತೆ ಹೋಗುತ್ತವೆ. ಊರಿನತ್ತ ನಡೆಯುವವರು ಆಪ್ಪಿಯಾ ಬಿಟ್ಟು, ಸಂತ ಕಲ್ಲಿಸ್ತೊ ಆವರಣದೊಳಗಿನ ಮರಗಳ ನಡುವಿನ ದಾರಿ ಹಿಡಿಯಿರಿ, ಅದು ಕ್ವೊ ವಾದಿಸ್ ಚರ್ಚಿನ ಹತ್ತಿರ ಬಿಡುತ್ತದೆ.

ಕಾಲು ಸೋತಿದ್ದರೆ ಫೊಸ್ಸೆ ಅರ್ದೆಯಾತೀನೆ ಹತ್ತಿರದಿಂದ 218 ಬಸ್ ಸಂತ ಜೊವಾನ್ನಿಗೆ ಹೋಗುತ್ತದೆ, ಅಲ್ಲಿ ಮೆಟ್ರೊ ಎ ಲೈನ್ ಇದೆ. ಬಸ್ ಬರುವುದು ತಡವಾಗಬಹುದು, ಬಸ್ ಸ್ಟಾಪ್ ಅಕ್ಕಪಕ್ಕ ಟಿಕೆಟ್ ಅಂಗಡಿಯೂ ಸಿಗಲಿಕ್ಕಿಲ್ಲ. ಬೆಳಿಗ್ಗೆಯೇ ಟಿ ಅಕ್ಷರದ ಬೋರ್ಡ್ ಇರುವ ತಬಾಕ್ಕಿ ಅಂಗಡಿಯಲ್ಲಿ ಎರಡು ಟಿಕೆಟ್ ಹೆಚ್ಚಿಗೆ ತೆಗೆದು ಜೇಬಿನಲ್ಲಿಟ್ಟುಕೊಂಡಿರಿ.