ರಬ್ಬರ್ ಬಿರಡೆ, ಗಾಳದ ದಾರ: ಕೇಂದ್ರಾಭಿಮುಖ ಬಲ ಅಳೆಯುವ ಬಗೆ

ಒಂದು ರಬ್ಬರ್ ಬಿರಡೆ, ಗೇಣುದ್ದದ ಕೊಳವೆ, ಒಂದೂವರೆ ಮೀಟರ್ ನೈಲಾನ್ ದಾರ, ಹಿಡಿ ತುಂಬ ಕಬ್ಬಿಣದ ವಾಷರ್, ಸ್ಟಾಪ್‌ವಾಚ್. ಏಕರೂಪ ವೃತ್ತೀಯ ಚಲನೆಯಲ್ಲಿ, ಅಂದರೆ ಒಂದೇ ಜವದಲ್ಲಿ ವೃತ್ತವಾಗಿ ಸುತ್ತುವಾಗ, ವಸ್ತುವನ್ನು ಕೇಂದ್ರದ ಕಡೆಗೆ ಎಳೆಯುವ ಕೇಂದ್ರಾಭಿಮುಖ ಬಲವನ್ನು ಅಳೆಯುವ ಪ್ರಯೋಗಕ್ಕೆ ಬೇಕಾದ್ದು ಇಷ್ಟೇ. ಮಂಡ್ಯದ ನಾಲೆಗಳಲ್ಲಿ ಗಾಳ ಹಾಕುವವರು ಬಳಸುವ ದಾರವೇ ಸಾಕು. ಹತ್ತಿಯ ದಾರ ಬೇಡ, ಕೊಳವೆಯ ಅಂಚಿಗೆ ಉಜ್ಜಿ ಉಜ್ಜಿ ನಾರು ಬಿಟ್ಟುಕೊಳ್ಳುತ್ತದೆ.

ಗಾಜಿನ ಕೊಳವೆಯನ್ನಂತೂ ಮಕ್ಕಳ ಕೈಗೆ ಕೊಡಲೇಬಾರದು, ಒಡೆದರೆ ಅಂಗೈ ಸೀಳುತ್ತದೆ. 15 ಸೆಂ.ಮೀ. ಅಲ್ಯೂಮಿನಿಯಂ ಕೊಳವೆ ಅಥವಾ ಗಟ್ಟಿ ಪೆನ್ನಿನ ಹೊರಮೈ ಸಾಕು. ಮೇಲಿನ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಬೆರಳಾಡಿಸಿದರೆ ಎಲ್ಲೂ ತಡೆಯದಷ್ಟು ನುಣುಪು ಮಾಡಿ. ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ.

ಬಿರಡೆಯ ತೂತಿನಲ್ಲಿ ದಾರ ತೂರಿಸಿ ಆಚೆ ಬದಿಯಲ್ಲಿ ಒಂದು ಅಂಗಿ ಗುಂಡಿ ಕಟ್ಟಿ. ನೈಲಾನ್ ಗಂಟು ಜಾರುತ್ತದೆ, ಗುಂಡಿಯಿದ್ದರೆ ಬಿರಡೆ ಕಳಚಿ ಹಾರುವುದಿಲ್ಲ. ಗುಂಡಿ ಸಮೇತ ಬಿರಡೆಯನ್ನು ತೂಗಿ; 20 ಗ್ರಾಂ ಎಂದಿಟ್ಟುಕೊಳ್ಳೋಣ. ದಾರದ ಇನ್ನೊಂದು ತುದಿಯನ್ನು ಕೊಳವೆಯೊಳಗಿಂದ ಕೆಳಗೆ ಬಿಟ್ಟು ವಾಷರ್ ಕಟ್ಟಿ. ಒಂದೇ ಡಬ್ಬಿಯ ವಾಷರ್‌ಗಳೂ ಒಂದೇ ತೂಕ ಇರುವುದಿಲ್ಲ, ಆದ್ದರಿಂದ ಒಂದನ್ನು ತೂಗಿ ಗುಣಿಸುವುದು ಬೇಡ, ಪ್ರತಿ ಬಾರಿ ಗೊಂಚಲನ್ನೇ ತೂಗಿ.

ಈಗ ಕೊಳವೆಯ ಮೇಲಂಚಿನಿಂದ ಬಿರಡೆಯ ಮಧ್ಯದವರೆಗೆ ದಾರ ಎಳೆದು ಹಿಡಿದು 80 ಸೆಂ.ಮೀ. ಅಳೆಯಿರಿ. ಆ ಸ್ಥಿತಿಯಲ್ಲಿ ಕೊಳವೆಯ ಕೆಳಗೆ 1 ಸೆಂ.ಮೀ. ಬಿಟ್ಟು, ದಾರಕ್ಕೆ ಬಣ್ಣದ ಇನ್ಸುಲೇಷನ್ ಟೇಪಿನ ಚೂರು ಅಂಟಿಸಿ. ಕ್ರೊಕೊಡೈಲ್ ಕ್ಲಿಪ್ ಹಾಕುವ ರೂಢಿಯಿದೆ, ಆದರೆ ಟೇಪೇ ಮೇಲು. ಕ್ಲಿಪ್ಪಿನ ತೂಕವೂ ದಾರವನ್ನು ಎಳೆಯುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಲು ಎಲ್ಲರೂ ಮರೆಯುತ್ತಾರೆ. ಅಲ್ಲದೆ ಕ್ಲಿಪ್ ಕೊಳವೆಗೆ ತಾಗಿ ನಿಂತರೆ ದಾರದ ಎಳೆತ ವಾಷರ್ ತೂಕಕ್ಕಿಂತ ಹೆಚ್ಚಾಗಿಬಿಡುತ್ತದೆ, ಹೊರಗಿನಿಂದ ನೋಡಿದರೆ ತಿಳಿಯುವುದೂ ಇಲ್ಲ.

ಸುತ್ತ ಮೂರು ಮೀಟರ್ ಯಾರೂ ಇರದ ಜಾಗ ಬೇಕು, ತಿರುಗಿಸುವವರ ಕಣ್ಣಿಗೆ ಕನ್ನಡಕ ಬೇಕು. ಮೇಲೆ ಫ್ಯಾನ್ ಇದ್ದರೆ ಕೊಠಡಿ ಬದಲಿಸಿ. ಆಷಾಢದ ಗಾಳಿಯಲ್ಲಿ ಮೈದಾನಕ್ಕೆ ಹೋದರೆ ವೃತ್ತ ಒಂದು ಕಡೆಗೆ ವಾಲುತ್ತದೆ. ಕೊಳವೆಯನ್ನು ತಲೆಗಿಂತ ಮೇಲೆ ನೆಟ್ಟಗೆ ಹಿಡಿದು, ಮಣಿಕಟ್ಟನ್ನು ಸಣ್ಣಗೆ ಆಡಿಸುತ್ತ ತಿರುಗಿಸಿ. ಟೇಪಿನ ಚೂರು ಅದೇ 1 ಸೆಂ.ಮೀ. ಅಂತರದಲ್ಲಿ ನಿಲ್ಲಬೇಕು. ಅಂಚಿನ ಘರ್ಷಣೆಯಿಂದಾಗಿ ಜವ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಅಲ್ಲಾಡುವುದಿಲ್ಲ. ಆದ್ದರಿಂದ ಟೇಪು ಮೇಲೇರಲು ಶುರುವಾಗುವ ಜವ, ಕೆಳಗಿಳಿಯಲು ಶುರುವಾಗುವ ಜವ ಎರಡನ್ನೂ ನೋಡಿಕೊಂಡು ಅವುಗಳ ನಡುವೆ ತಿರುಗಿಸಿ.

ಸಮಯ ಹಿಡಿಯುವವರು ಇನ್ನೊಬ್ಬರಾಗಲಿ. 20 ಸುತ್ತು ಎಣಿಸಿ, ಆದರೆ 'ಸೊನ್ನೆ' ಎಂದು ಶುರು ಮಾಡಿ. 'ಒಂದು' ಎಂದಾಗ ವಾಚ್ ಒತ್ತಿದರೆ ಅಳೆದದ್ದು 19 ಸುತ್ತು ಮಾತ್ರ, ಲೆಕ್ಕದಲ್ಲಿ ಬಲ ಸುಮಾರು 11% ಹೆಚ್ಚಿಗೆ ಬರುತ್ತದೆ.

ದಾರ ನೆಲಕ್ಕೆ ಸಮಾಂತರವಾಗಿ ಇರಲೇಬೇಕು ಎಂದು ಮಕ್ಕಳನ್ನು ಗೋಳಾಡಿಸಬೇಡಿ. ಅದು ಆಗದ ಕೆಲಸ. ಬಿರಡೆಗೆ ತೂಕವಿದೆ, ಅದನ್ನು ಹೊರುವುದೂ ಇದೇ ದಾರ, ಹಾಗಾಗಿ ದಾರ ಜೋಲಲೇಬೇಕು. ಎಷ್ಟು ಜೋಲುತ್ತದೆ ಎಂಬುದಕ್ಕೂ ಲೆಕ್ಕವಿದೆ: ದಾರದ ಉದ್ದವನ್ನು ಬಿರಡೆಯ ರಾಶಿಯಿಂದ ಗುಣಿಸಿ ವಾಷರ್ ರಾಶಿಯಿಂದ ಭಾಗಿಸಿ. 60 ಗ್ರಾಂ ವಾಷರ್ ಇದ್ದರೆ ಬಿರಡೆ ಕೊಳವೆಯ ಬಾಯಿಗಿಂತ ಸುಮಾರು 27 ಸೆಂ.ಮೀ. ಕೆಳಗೆ ಸುತ್ತುತ್ತದೆ, 200 ಗ್ರಾಂಗೆ 8 ಸೆಂ.ಮೀ. ಮಾತ್ರ. ಜೋತಾಗ ಕೇಂದ್ರದ ಕಡೆಗಿನ ಎಳೆತ ಕಡಿಮೆಯಾಗುತ್ತದೆ, ವೃತ್ತದ ತ್ರಿಜ್ಯವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಒಂದಕ್ಕೊಂದು ಸರಿಹೋಗಿ ಉಳಿಯುವುದು ಇದು:

ವಾಷರ್ ತೂಕ = 4 × ಪೈ² × ಬಿರಡೆಯ ರಾಶಿ × ದಾರದ ಉದ್ದ ÷ ಆವರ್ತಕಾಲ²

ಆವರ್ತಕಾಲ ಎಂದರೆ ಒಂದು ಸುತ್ತಿನ ಸಮಯ. ಇಲ್ಲಿರುವ ಉದ್ದ ಓರೆಯಾಗಿ ಅಳೆದ ಪೂರ್ತಿ 80 ಸೆಂ.ಮೀ., ಅಡ್ಡ ತ್ರಿಜ್ಯವಲ್ಲ. ಪೂರ್ತಿ ವಾಷರ್ ತೂಕವನ್ನೇ ಬಲವೆಂದು ಬರೆದು ಅಡ್ಡ ತ್ರಿಜ್ಯ ಹಾಕಿದರೆ 60 ಗ್ರಾಂನ ಅಳತೆಯಲ್ಲಿ ಸುಮಾರು 6% ತಪ್ಪು ಬರುತ್ತದೆ.

ವಾಷರ್ ರಾಶಿಯನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿದರೆ ಅದರ ತೂಕ. ಮೈಸೂರು ಸೀಮೆಯಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 9.78 ಮೀ/ಸೆ², ಪುಸ್ತಕದ 9.8 ಹಾಕಿದರೂ ನಷ್ಟವಿಲ್ಲ. 20 ಗ್ರಾಂ ಬಿರಡೆಗೆ 20 ಸುತ್ತಿನ ಸಮಯ 60 ಗ್ರಾಂ ವಾಷರ್‌ಗೆ 20.7 ಸೆಕೆಂಡ್, 100ಕ್ಕೆ 16.1, 150ಕ್ಕೆ 13.1, 200ಕ್ಕೆ 11.4ರ ಆಸುಪಾಸಿನಲ್ಲಿ ಬರಬೇಕು. ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಲಂಬ ಅಕ್ಷದಲ್ಲಿ ಬಲ, ಅಡ್ಡ ಅಕ್ಷದಲ್ಲಿ 1 ÷ ಆವರ್ತಕಾಲ² ಹಾಕಿ ನಕ್ಷೆ ಬರೆಯಿರಿ. ಸರಳರೇಖೆ ಬರುತ್ತದೆ, ಬಲ ನ್ಯೂಟನ್‌ನಲ್ಲಿ, ಸಮಯ ಸೆಕೆಂಡಿನಲ್ಲಿ ಇದ್ದರೆ ಅದರ ಓಟ (ಇಳಿಜಾರು) 0.63ರ ಹತ್ತಿರ ಇರಬೇಕು. ರೇಖೆ ಮೂಲಬಿಂದುವಿಗಿಂತ ಕೆಳಗೆ ಲಂಬ ಅಕ್ಷವನ್ನು ಕಡಿದರೆ, ವಾಷರ್ ಸಿಕ್ಕಿಸಿದ ಕೊಕ್ಕೆಯ ತೂಕ ಬಿಟ್ಟುಹೋಗಿದೆ. ಕಡಿದ ಜಾಗದಲ್ಲಿ 0.1 ನ್ಯೂಟನ್ ಇದ್ದರೆ ಬಿಟ್ಟುಹೋದದ್ದು ಸುಮಾರು 10 ಗ್ರಾಂ. ದಾರದ ಉದ್ದ ಬದಲಿಸಿಯೂ ಹೀಗೇ ಮಾಡಬಹುದು, ಆಗ ವಾಷರ್ ಬದಲಿಸಬೇಡಿ.

ರೆಕಾರ್ಡಿನಲ್ಲಿ 'ಕೇಂದ್ರಾಪಗಾಮಿ ಬಲ ಬಿರಡೆಯನ್ನು ಹೊರಕ್ಕೆ ಎಳೆಯುತ್ತದೆ' ಎಂದು ಬರೆಸಬೇಡಿ. ಬಿರಡೆಯ ಮೇಲಿರುವುದು ಒಳಮುಖವಾದ ದಾರದ ಎಳೆತ ಮತ್ತು ಬಿರಡೆಯದೇ ತೂಕ, ಗಾಳಿಯ ಅಲ್ಪ ತಡೆ ಬಿಟ್ಟರೆ ಬೇರೇನಿಲ್ಲ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದು ಕೈಯಲ್ಲೇ ಗೊತ್ತಿದೆ: ಬಿಟ್ಟ ಗಳಿಗೆಯಲ್ಲಿ ಕಲ್ಲು ಯಾವ ಕಡೆ ಮುಖ ಮಾಡಿತ್ತೋ ಆ ಕಡೆಗೇ ಹೋಗುತ್ತದೆ, ಕೇಂದ್ರದಿಂದ ಹೊರಕ್ಕಲ್ಲ. ನಂಬದ ಮಕ್ಕಳಿಗೆ ಕೆಂಪು ಗಾರೆ ನೆಲದ ಮೇಲೆ ಬಳೆಯೊಂದನ್ನು ಇಟ್ಟು ತೋರಿಸಿ. ಬಳೆ ಗೋಲಿಯ ಅರ್ಧ ಎತ್ತರಕ್ಕಾದರೂ ಬರುವಷ್ಟು ಅಗಲವಿರಲಿ, ಇಲ್ಲವಾದರೆ ಗೋಲಿ ಹತ್ತಿ ನೆಗೆಯುತ್ತದೆ. ಗೋಲಿಯನ್ನು ನೀರಲ್ಲಿ ಅದ್ದಿ ಒಳಗೆ ಸುತ್ತಿಸಿ, ಬಳೆಯ ಒಂದು ಬದಿಯನ್ನು ಥಟ್ಟನೆ ಎತ್ತಿ. ಒದ್ದೆ ಗೆರೆ ಒಣಗುವ ಮುಂಚೆ ಅದರ ಮೇಲೆ ಅಳತೆಪಟ್ಟಿ ಇಡಿಸಿ: ಬಳೆ ಇದ್ದ ಜಾಗವನ್ನು ಒಂದೇ ಕಡೆ ಸವರಿಕೊಂಡು ಹೋದ ನೇರ ಗೆರೆ ಅದು.