ಮಾಲ್ಡೀವ್ಸ್ ಲೈವ್‌ಅಬೋರ್ಡ್ ಡೈವಿಂಗ್‌ಗೆ ಸಾಮಾನು ಜೋಡಿಸಿಕೊಳ್ಳುವ ಬಗೆ

ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಕಲಿತವರಿಗೆ ಸಲಕರಣೆಯ ಚಿಂತೆ ಇರುವುದಿಲ್ಲ. ಎಲ್ಲವನ್ನೂ ಆಯೋಜಕರೇ ಕೊಡುತ್ತಾರೆ, ಸಂಜೆಯೊಳಗೆ ದಡ ಸೇರಿಯೂ ಆಗುತ್ತದೆ. ಮಾಲ್ಡೀವ್ಸ್‌ನ ಲೈವ್‌ಅಬೋರ್ಡ್ ಹಡಗಿನಲ್ಲಾದರೋ ಸಾಮಾನ್ಯವಾಗಿ ವಾರವಿಡೀ ಸಮುದ್ರದಲ್ಲೇ ವಾಸ, ದಿನಕ್ಕೆ ಮೂರು ನಾಲ್ಕು ಡೈವ್. ರಾಜಧಾನಿ ಮಾಲೆಯನ್ನು ಬಿಟ್ಟ ಮೇಲೆ ಫಿನ್‌ನ, ಅಂದರೆ ಕಾಲಿಗೆ ತೊಡುವ ಈಜುರೆಕ್ಕೆಯ, ಪಟ್ಟಿ ಹರಿದರೂ ಹೊಸದು ಕೊಳ್ಳಲು ಅಂಗಡಿ ಸಿಗದು. ಆದ್ದರಿಂದ ವಿಮಾನದ ತೂಕದ ಮಿತಿಯನ್ನು ಬಟ್ಟೆಗಳಿಗಿಂತ ಬಿಡಿಭಾಗಗಳಿಗೆ ಮೀಸಲಿಡುವುದು ಒಳ್ಳೆಯದು.

ಮಾಸ್ಕ್, ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಉಸಿರಾಡಲು ಕೊಡುವ ಸಾಧನ), ಡೈವ್ ಕಂಪ್ಯೂಟರ್ (ಆಳ, ಸಮಯ ತೋರಿಸುವ ಸಾಧನ), ಡೈವಿಂಗ್ ಪ್ರಮಾಣಪತ್ರ, ವಿಮೆಯ ಕಾಗದ ಮತ್ತು ಒಂದು ಜೊತೆ ಈಜುಡುಗೆ ಕೈಚೀಲದಲ್ಲೇ ಇರಬೇಕು. ದೊಡ್ಡ ಚೀಲ ಒಂದು ದಿನ ತಡವಾಗಿ ಬಂದರೆ ಹಡಗು ಕಾಯುವುದಿಲ್ಲ. ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸಿಕೊಳ್ಳುವ ಜಾಕೆಟ್), ಫಿನ್‌ಗಳನ್ನು ಅಲ್ಲಿಯೇ ಬಾಡಿಗೆಗೆ ಪಡೆಯಬಹುದು, ಆದರೆ ನಿಮ್ಮ ಮುಖಕ್ಕೆ ಸರಿಹೊಂದುವ ಮಾಸ್ಕ್, ಅದರಲ್ಲೂ ಪವರ್ ಗಾಜಿನದು, ಬಾಡಿಗೆಗೆ ಸಿಗುವುದು ಅದೃಷ್ಟವಿದ್ದವರಿಗೆ ಮಾತ್ರ. ಸಿಲಿಂಡರ್ ಮತ್ತು ಸೀಸದ ತೂಕಗಳು ಹಡಗಿನಲ್ಲೇ ಇರುತ್ತವೆ. ರೆಗ್ಯುಲೇಟರ್ ಡಿನ್ ಮಾದರಿಯದಾದರೆ, ಅಂದರೆ ಸಿಲಿಂಡರ್‌ಗೆ ತಿರುಪಿ ಕೂರಿಸುವಂಥದ್ದಾದರೆ, ಅಡಾಪ್ಟರ್ ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಡೈವ್ ಕಂಪ್ಯೂಟರ್‌ನ ಹೆಚ್ಚುವರಿ ಬ್ಯಾಟರಿ, ಮಾಸ್ಕ್ ಮತ್ತು ಫಿನ್ ಪಟ್ಟಿಗಳು, ಬಾಯಲ್ಲಿ ಕಚ್ಚಿಕೊಳ್ಳುವ ಮೌತ್‌ಪೀಸ್, ಸೋರಿಕೆ ತಡೆಯುವ ರಬ್ಬರ್ ಓ-ರಿಂಗ್‌ಗಳು, ಕೆಲವು ಪ್ಲಾಸ್ಟಿಕ್ ಟೈಗಳು ಒಂದು ಸಣ್ಣ ಡಬ್ಬಿಯಲ್ಲಿ ಹಿಡಿಸುತ್ತವೆ.

ನೀರಿನ ತಾಪಮಾನ 27ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೂ, ದಿನಕ್ಕೆ ನಾಲ್ಕು ಬಾರಿ ಇಳಿಯುವವರಿಗೆ ಮೂರನೆಯ ದಿನದ ಹೊತ್ತಿಗೆ ಚಳಿ ಹಿಡಿಯುತ್ತದೆ. ಮೈ ಬೆಚ್ಚಗಿಡುವ, 3 ಮಿಲಿಮೀಟರ್ ದಪ್ಪದ, ಮೈಪೂರ್ತಿ ಮುಚ್ಚುವ ವೆಟ್‌ಸೂಟ್ ಇರಲಿ. ಹವಳದ ದಿಬ್ಬಗಳ ನಡುವಿನ ಕಾಲುವೆಗಳಲ್ಲಿ ಸೆಳೆತ ಬಲವಾಗಿರುವುದರಿಂದ, ಮೇಲೆ ಬಂದಾಗ ದೋಣಿಗೆ ಕಾಣುವಂತೆ ಗಾಳಿ ತುಂಬುವ ಉದ್ದನೆಯ ಮಾರ್ಕರ್ ಬಾಯ್ (ತೇಲುವ ಗುರುತು), ಅದರ ದಾರದ ರೀಲ್ ಮತ್ತು ಸೀಟಿಯನ್ನು ಪ್ರತಿಯೊಬ್ಬರೂ ಒಯ್ಯಬೇಕು. ಗುಂಪಿನಲ್ಲಿ ಒಬ್ಬರ ಬಳಿ ಇದ್ದರೆ ಸಾಕೆಂಬ ವಾದವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸೆಳೆತ ಮೊದಲು ಬೇರ್ಪಡಿಸುವುದು ಗುಂಪನ್ನೇ.

ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಇಡುವಂತಿಲ್ಲ. ಪ್ರತಿಯೊಂದರ ತುದಿಗಳನ್ನು ಟೇಪಿನಿಂದ ಮುಚ್ಚಿ ಕೈಚೀಲದಲ್ಲಿ ಒಯ್ಯಬೇಕು. 100 ವ್ಯಾಟ್-ಅವರ್ ಮೀರಿದವಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. 2019ರ ಸೆಪ್ಟೆಂಬರ್ 2ರ ಮುಂಜಾವ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ದ್ವೀಪದ ಬಳಿ ಲಂಗರು ಹಾಕಿದ್ದ 'ಕನ್ಸೆಪ್ಷನ್' ಎಂಬ ಡೈವಿಂಗ್ ಹಡಗಿಗೆ ಬೆಂಕಿ ಬಿದ್ದು 34 ಮಂದಿ ಸತ್ತರು. ಬೆಂಕಿಯ ಮೂಲ ಖಚಿತವಾಗಿ ತಿಳಿಯದಿದ್ದರೂ, ಚಾರ್ಜಿಗೆ ಹಾಕಿದ್ದ ಬ್ಯಾಟರಿಗಳ ಮೇಲೂ ಸಂಶಯ ಬಂತು. ಅಗ್ಗದ ಚಾರ್ಜರ್ ಬಿಟ್ಟು ತಯಾರಕರದ್ದನ್ನೇ ಒಯ್ಯಿರಿ, ಮಲಗುವ ಮುನ್ನ ಅದನ್ನು ಕಿತ್ತಿಡಿ.

ಮಾಲ್ಡೀವ್ಸ್‌ಗೆ ಮದ್ಯ, ಹಂದಿಮಾಂಸ, ಇ-ಸಿಗರೇಟು, ಮೀನು ಹೊಡೆಯುವ ಸ್ಪಿಯರ್‌ಗನ್ ತರುವಂತಿಲ್ಲ. ಪೂಜೆಯ ವಿಗ್ರಹಗಳಿಗೂ ನಿಷೇಧವಿರುವುದರಿಂದ, ಚೀಲದ ಮೂಲೆಯಲ್ಲಿ ಸದಾ ಇರುವ ಪುಟ್ಟ ಗಣಪತಿಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಕ್ಷೇಮ. ನಿತ್ಯದ ಔಷಧಗಳ ಜೊತೆ ವೈದ್ಯರ ಚೀಟಿ ಇರಲಿ. ಕಡಲ ಓಕರಿಕೆಯ ಮಾತ್ರೆಯನ್ನು ಊರಿನಲ್ಲೇ ಒಮ್ಮೆ ನುಂಗಿ, ತೂಕಡಿಕೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ಹಡಗಿನಲ್ಲಿ ಬರಿಗಾಲಲ್ಲೇ ಓಡಾಟವಾದ್ದರಿಂದ ನಾಲ್ಕಾರು ಹಗುರ ಬಟ್ಟೆ, ಒಂದು ಗಾಳಿತಡೆ ಜಾಕೆಟ್ ಸಾಕು. ಕ್ಯಾಬಿನ್‌ಗಳು ಇಕ್ಕಟ್ಟಾಗಿರುತ್ತವೆ, ಗಟ್ಟಿ ಸೂಟ್‌ಕೇಸ್ ಬದಲು ಮಡಚಿ ಹಾಸಿಗೆಯಡಿ ತಳ್ಳಬಹುದಾದ ಚೀಲ ತನ್ನಿ.

ಹಲವು ದಿನ ಪದೇಪದೇ ಡೈವ್ ಮಾಡಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ನೀರಿಗಿಳಿಯಬಾರದು. ಅನೇಕ ಹಡಗುಗಳವರು 24 ಗಂಟೆ ಬಿಡುತ್ತಾರೆ. ಆ ಅವಧಿಯಲ್ಲಿ ಸಲಕರಣೆಗಳನ್ನು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿಕೊಳ್ಳಿ, ಏಕೆಂದರೆ ಹೋಗುವಾಗ ಮಿತಿಯೊಳಗಿದ್ದ ಚೀಲ ಒದ್ದೆ ವೆಟ್‌ಸೂಟ್ ತುಂಬಿಕೊಂಡರೆ ಮರಳುವಾಗ ಮಿತಿ ಮೀರಬಹುದು.